ಫಿಲ್ಟರಿನ ಆಯುಷ್ಯವನ್ನು ನಿರ್ಧರಿಸಬೇಕಾದುದು ನೀರು, ಕ್ಯಾಲೆಂಡರ್ ಅಲ್ಲ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ, ಮೇಲಿನಿಂದ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ. ಇಂತಹ ಮಂಗಳೂರಿನಲ್ಲಿ ನೀರನ್ನು ಶುದ್ಧಗೊಳಿಸುವ ಯಂತ್ರಗಳಿಗೂ ಅವುಗಳ ಬಿಡಿಭಾಗಗಳಿಗೂ ಒಳ್ಳೆಯ ಮಾರುಕಟ್ಟೆ ಬೆಳೆದಿದೆ ಎಂದರೆ ಹೊರಗಿನವರಿಗೆ ಸೋಜಿಗವೆನಿಸಬಹುದು. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಆರ್.ಓ. ಯಂತ್ರ ಈ ಮಾರುಕಟ್ಟೆಯ ಪರಿಚಿತ ಮುಖ. ಅದಕ್ಕಿಂತ ಚಿಕ್ಕದಾದ, ಆದರೆ ಅದಕ್ಕಿಂತ ಹೆಚ್ಚು ಕಟ್ಟುನಿಟ್ಟನ್ನು ಬೇಡುವ ಇನ್ನೊಂದು ಮುಖವೂ ಇದೆ. ಅದು ಮನೆಗಳಲ್ಲಿ, ಹೋಟೆಲುಗಳ ಹಜಾರಗಳಲ್ಲಿ, ವೈದ್ಯರ ಚಿಕಿತ್ಸಾಲಯಗಳಲ್ಲಿ ಇರಿಸುವ ಕಡಲ ಅಕ್ವೇರಿಯಂಗಳ, ವ್ಯಾಪಾರದ ಭಾಷೆಯಲ್ಲಿ ಮೆರೈನ್ ಅಥವಾ ರೀಫ್ ಟ್ಯಾಂಕುಗಳ, ಜಲಶುದ್ಧೀಕರಣ.

ಈ ವ್ಯಾಪಾರದಲ್ಲಿ ಮಾರಾಟ ಒಂದು ದಿನದ ವ್ಯವಹಾರವಾದರೆ, ನಿರ್ವಹಣೆ ಹತ್ತು ವರ್ಷಗಳ ವ್ಯವಹಾರ. ಆದರೂ ನಿರ್ವಹಣೆಯ ಕರಾರುಗಳು ಇಂದಿಗೂ ಬಹುಮಟ್ಟಿಗೆ ದೇಶದಾದ್ಯಂತ ಒಂದೇ ಅಚ್ಚಿನಲ್ಲಿ ಎರಕವಾಗಿ ಬರುತ್ತವೆ. ಮೂರು ತಿಂಗಳಿಗೊಂದು ಭೇಟಿ, ಆರು ತಿಂಗಳಿಗೊಂದು ಕಾರ್ಟ್ರಿಜ್, ವರ್ಷಕ್ಕೊಂದು ಮೆಂಬ್ರೇನ್ ಎಂಬ ಈ ಲೆಕ್ಕ ವರ್ಷವಿಡೀ ಒಂದೇ ಬಗೆಯ ನೀರು ಬರುವ ಊರಿಗೆ ಸರಿ. ಮಂಗಳೂರಿಗೆ ಸರಿಯಲ್ಲ. ಕ್ಯಾಲೆಂಡರನ್ನು ನೋಡಿ ಫಿಲ್ಟರ್ ಬದಲಿಸುವ ಪದ್ಧತಿ ಇಲ್ಲಿ ಒಂದು ಕಾಲದಲ್ಲಿ ಗ್ರಾಹಕನ ಹಣವನ್ನು ಪೋಲುಮಾಡುತ್ತದೆ, ಮತ್ತೊಂದು ಕಾಲದಲ್ಲಿ ಅವನ ಮೀನುಗಳ ಪ್ರಾಣಕ್ಕೆ ಎರವಾಗುತ್ತದೆ. ಎರಡೂ ಸಂದರ್ಭಗಳಲ್ಲಿ ನಷ್ಟವಾಗುವುದು ವ್ಯಾಪಾರಿಯ ಮೇಲಿನ ವಿಶ್ವಾಸ.

ಕಡಲು ಪಕ್ಕದಲ್ಲಿದ್ದರೂ

ಸಮುದ್ರವೇ ಮನೆಬಾಗಿಲಲ್ಲಿರುವಾಗ ಅಲ್ಲಿಂದಲೇ ನೀರು ತಂದರಾಗದೆ ಎಂಬ ಪ್ರಶ್ನೆ ಸಹಜ. ತೆರೆದ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹವಳದ ಪರಿಸರದ ಜೀವಿಗಳು ಬಯಸುವುದು ಈ ಪ್ರಮಾಣವನ್ನೇ, ಅದೂ ಏರಿಳಿತವಿಲ್ಲದೆ. ಆದರೆ ಮಂಗಳೂರಿನ ದಂಡೆಯಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಮಳೆಗಾಲದಲ್ಲಿ ಈ ಎರಡು ನದಿಗಳ ಸಿಹಿನೀರು ದಂಡೆಯುದ್ದಕ್ಕೂ ಹರಡಿ ಉಪ್ಪಿನಂಶ ಇಳಿಯುತ್ತದೆ, ಕೆಸರು ಏರುತ್ತದೆ. ಮಳೆ ಇಲ್ಲದ ತಿಂಗಳುಗಳಲ್ಲಿಯೂ ಬಂದರು, ದೋಣಿ ಸಂಚಾರ ಮತ್ತು ನಗರದ ತ್ಯಾಜ್ಯದ ಸೋಂಕು ತಪ್ಪಿದ್ದಲ್ಲ. ಆದುದರಿಂದ ಪರಿಶುದ್ಧವಾದ ಸಿಹಿನೀರನ್ನು ತಯಾರಿಸಿಕೊಂಡು, ಅದಕ್ಕೆ ಅಕ್ವೇರಿಯಂಗೆಂದೇ ದೊರೆಯುವ ಉಪ್ಪಿನ ಮಿಶ್ರಣವನ್ನು ಅಳತೆಯಿಂದ ಬೆರೆಸುವುದೇ ಸುರಕ್ಷಿತ ಕ್ರಮ.

ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ತೊಟ್ಟಿಯಿಂದ ದಿನವೂ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿದ್ದೆಲ್ಲವೂ ಹಿಂದೆಯೇ ಉಳಿಯುತ್ತದೆ. 300 ಲೀಟರಿನ ತೊಟ್ಟಿಯಿಂದ ದಿನಕ್ಕೆ 3 ಲೀಟರ್ ಆವಿಯಾದರೆ ವರ್ಷಕ್ಕೆ 1,095 ಲೀಟರ್ ಸಿಹಿನೀರನ್ನು ಮರಳಿ ತುಂಬಬೇಕು. ಆ ನೀರಿನಲ್ಲಿ ಲೀಟರಿಗೆ 60 ಮಿಲಿಗ್ರಾಂ ಕರಗಿದ ಪದಾರ್ಥವಿದ್ದರೆ ವರ್ಷದ ಕೊನೆಗೆ ಸುಮಾರು 65 ಗ್ರಾಂ, 400 ಮಿಲಿಗ್ರಾಂ ಇದ್ದರೆ 440 ಗ್ರಾಂ ಸಮೀಪ ಬೇಡದ ವಸ್ತು ತೊಟ್ಟಿಯಲ್ಲಿ ಶೇಖರವಾಗುತ್ತದೆ. ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟುಗಳು ಪಾಚಿಗೆ ಗೊಬ್ಬರವಾಗುತ್ತವೆ. ಹಳೆಯ ಹಿತ್ತಾಳೆ ಜೋಡಣೆಗಳಿಂದ ಅಲ್ಪ ಪ್ರಮಾಣದ ತಾಮ್ರ ಸೇರಿದರೂ ಸಿಗಡಿ, ಬಸವನಹುಳು ಮುಂತಾದ ಅಕಶೇರುಕಗಳಿಗೆ ಅದು ವಿಷ. ಮನುಷ್ಯನಿಗೆ ಕುಡಿಯಲು ಯೋಗ್ಯವಾದ ನೀರು ಈ ಜೀವಿಗಳಿಗೆ ಯೋಗ್ಯವಾಗಬೇಕೆಂದಿಲ್ಲ.

ನಾಲ್ಕು ಹಂತ, ನಾಲ್ಕು ಬಗೆಯ ಮುಪ್ಪು

ರೀಫ್ ಟ್ಯಾಂಕಿನ ಶುದ್ಧೀಕರಣ ಯಂತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಹಂತಗಳಿರುತ್ತವೆ. ಮೊದಲನೆಯ ಸೆಡಿಮೆಂಟ್ ಫಿಲ್ಟರ್ ಕೆಸರನ್ನೂ ಕಣಗಳನ್ನೂ ತಡೆಯುತ್ತದೆ. ಎರಡನೆಯ ಇದ್ದಿಲಿನ ಕಾರ್ಟ್ರಿಜ್ ಕ್ಲೋರಿನ್ನನ್ನು ಹೀರಿಕೊಳ್ಳುತ್ತದೆ. ಮೂರನೆಯ ಆರ್.ಓ. ಮೆಂಬ್ರೇನ್ ಕರಗಿದ ಲವಣಗಳ ಶೇಕಡಾ 95ರಿಂದ 98ರಷ್ಟನ್ನು ಹೊರಹಾಕುತ್ತದೆ. ಉಳಿದ ಅಲ್ಪಾಂಶವನ್ನು ನಾಲ್ಕನೆಯ ಡಿ.ಐ. ರೆಸಿನ್ ಹಿಡಿದಿಟ್ಟುಕೊಂಡು, ಟಿ.ಡಿ.ಎಸ್. ಮೀಟರಿನಲ್ಲಿ ಸೊನ್ನೆ ತೋರಿಸುವ ನೀರನ್ನು ಕೊಡುತ್ತದೆ.

ಈ ನಾಲ್ಕೂ ಒಂದೇ ಕಾರಣದಿಂದ, ಒಂದೇ ಕಾಲಕ್ಕೆ ಸವೆಯುವುದಿಲ್ಲ. ಸೆಡಿಮೆಂಟ್ ಫಿಲ್ಟರನ್ನು ಮುಗಿಸುವುದು ಕೆಸರು. ಅದು ಕಟ್ಟಿಕೊಂಡಾಗ ಮುಂದಿನ ಹಂತಕ್ಕೆ ಒತ್ತಡ ಸಾಲದಾಗುತ್ತದೆ. ಇದ್ದಿಲನ್ನು ಮುಗಿಸುವುದು ಕ್ಲೋರಿನ್. ಅದು ಸೋತ ದಿನದಿಂದಲೇ ಕ್ಲೋರಿನ್ ಮುಂದೆ ಸಾಗಿ ಮೆಂಬ್ರೇನನ್ನು ತಿನ್ನತೊಡಗುತ್ತದೆ. ಕೆಲವು ನೂರು ರೂಪಾಯಿಯ ಇದ್ದಿಲನ್ನು ಉಳಿಸಲು ಹೋಗಿ ಅದಕ್ಕಿಂತ ಎಷ್ಟೋ ದುಬಾರಿಯಾದ ಮೆಂಬ್ರೇನನ್ನು ಕಳೆದುಕೊಳ್ಳುವುದು ಹೀಗೆಯೇ. ಮೆಂಬ್ರೇನಿನ ಶತ್ರುಗಳು ಕ್ಲೋರಿನ್, ಗಡಸುತನ, ಕಬ್ಬಿಣದ ಅಂಶ ಮತ್ತು ಒತ್ತಡದ ಕೊರತೆ. ರೆಸಿನ್ ತನ್ನ ಪಾಲಿಗೆ ಬಂದ ಲವಣದ ಮೊತ್ತಕ್ಕನುಗುಣವಾಗಿ ಖರ್ಚಾಗುತ್ತದೆ. ಖರ್ಚಾದ ರೆಸಿನ್ ಸುಮ್ಮನಿರುವುದೂ ಇಲ್ಲ. ಸಿಲಿಕೇಟಿನಂತಹ, ತಾನು ಸಡಿಲವಾಗಿ ಹಿಡಿದಿದ್ದ ಅಂಶಗಳನ್ನು ಒಮ್ಮೆಲೇ ನೀರಿಗೆ ಬಿಟ್ಟುಕೊಡುತ್ತದೆ. ನಿನ್ನೆಯವರೆಗೆ ಕಾವಲುಗಾರನಾಗಿದ್ದದ್ದು ಇಂದು ಕಳ್ಳನಾಗುವ ಬಗೆ ಇದು.

ಒತ್ತಡದ ವಿಚಾರವನ್ನೂ ಇಲ್ಲಿ ಹೇಳಬೇಕು. ಮನೆಬಳಕೆಯ ಮೆಂಬ್ರೇನುಗಳು ತಮ್ಮ ಪೂರ್ಣ ಸಾಮರ್ಥ್ಯ ತೋರಲು ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋಗ್ರಾಂ ಒತ್ತಡ ಬೇಕು. ಹತ್ತು ಮೀಟರ್ ಎತ್ತರದ ಟ್ಯಾಂಕಿಯಿಂದ ಇಳಿಯುವ ನೀರು ಕೊಡುವುದು ಸುಮಾರು 1 ಕಿಲೋಗ್ರಾಂ ಮಾತ್ರ. ಬೂಸ್ಟರ್ ಪಂಪ್ ಇಲ್ಲದ, ಅಥವಾ ಪಂಪ್ ದುರ್ಬಲವಾದ ಯಂತ್ರದಲ್ಲಿ ಮೆಂಬ್ರೇನ್ ಹೊಸದಾಗಿದ್ದರೂ ನೀರು ಶುದ್ಧವಾಗುವುದಿಲ್ಲ. ಅಂತಹ ಕಡೆ ಮೆಂಬ್ರೇನನ್ನೇ ಮತ್ತೆ ಮತ್ತೆ ಬದಲಿಸುತ್ತಾ ಹೋಗುವುದು ರೋಗ ಒಂದು, ಮದ್ದು ಇನ್ನೊಂದು ಎಂಬಂತಾಗುತ್ತದೆ.

ಮಂಗಳೂರಿನ ಮೂರು ನೀರು

ನಗರದ ಮುಖ್ಯ ಜಲಮೂಲ ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿರುವ ಕಿಂಡಿ ಅಣೆಕಟ್ಟು. ಪಶ್ಚಿಮಘಟ್ಟದಿಂದ ಇಳಿದು ಬರುವ ಈ ನದಿಯ ನೀರು ಮೃದು. ಕರಗಿದ ಲವಣ ಬಹಳ ಕಡಿಮೆ. ಮಳೆಗಾಲದಲ್ಲಿ ಲವಣ ಇನ್ನೂ ಇಳಿಯುತ್ತದೆ, ಆದರೆ ನದಿ ಕೆಮ್ಮಣ್ಣಿನ ಬಣ್ಣ ತಾಳುತ್ತದೆ. ಶುದ್ಧೀಕರಣ ಘಟಕದಿಂದ ಹೊರಟ ನೀರು ತಿಳಿಯಾಗಿದ್ದರೂ ಕೊಳವೆ, ಸಂಪು, ಮಹಡಿಯ ಟ್ಯಾಂಕಿಗಳ ತಳದಲ್ಲಿ ಕುಳಿತ ನಯವಾದ ಮಣ್ಣು ಆಗಾಗ ಎದ್ದು ಬರುತ್ತದೆ. ರೋಗಭೀತಿಯಿಂದ ಈ ದಿನಗಳಲ್ಲಿ ಕ್ಲೋರಿನ್ ಹೆಚ್ಚಿಸುವುದೂ ಉಂಟು. ಆದುದರಿಂದ ಮಳೆಗಾಲದಲ್ಲಿ ಮೊದಲು ಸೋಲುವವು ಸೆಡಿಮೆಂಟ್ ಮತ್ತು ಇದ್ದಿಲಿನ ಹಂತಗಳು; ರೆಸಿನ್ ಮಾತ್ರ ನೆಮ್ಮದಿಯಾಗಿರುತ್ತದೆ.

ಬೇಸಗೆಯ ಕಥೆ ಬೇರೆ. 2016, 2019 ಮತ್ತು 2023ರ ಬೇಸಗೆಗಳಲ್ಲಿ ನದಿಯ ಹರಿವು ಕುಗ್ಗಿ ನಗರ ನೀರಿನ ಅಭಾವವನ್ನು ಕಂಡಿತು. 2019ರಲ್ಲಿಯೂ 2023ರಲ್ಲಿಯೂ ನಲ್ಲಿ ನೀರನ್ನು ಸರದಿಯಂತೆ ಬಿಡಬೇಕಾಯಿತು. ಅಂತಹ ವಾರಗಳಲ್ಲಿ ವಸತಿ ಸಮುಚ್ಚಯಗಳ ಸಂಪಿಗೆ ಬೀಳುವುದು ಟ್ಯಾಂಕರ್ ನೀರು ಅಥವಾ ಕೊಳವೆಬಾವಿಯ ನೀರು. ಅಳಿವೆಗೆ ಸಮೀಪದ ಬಾವಿಗಳಲ್ಲಿ ಉಪ್ಪಿನ ರುಚಿಯೂ ಕಾಣಿಸಿಕೊಳ್ಳುತ್ತದೆ. ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಮೆಂಬ್ರೇನ್ ಶೇಕಡಾ 97ರಷ್ಟು ಲವಣವನ್ನು ತಡೆಯುತ್ತದೆ ಎಂದಿಟ್ಟುಕೊಂಡರೆ, 60 ಟಿ.ಡಿ.ಎಸ್. ಇರುವ ನದಿ ನೀರಿನಿಂದ ರೆಸಿನ್‌ಗೆ ತಲುಪುವುದು ಲೀಟರಿಗೆ 1.8 ಮಿಲಿಗ್ರಾಂ. 400 ಟಿ.ಡಿ.ಎಸ್. ಇರುವ ಟ್ಯಾಂಕರ್ ನೀರಿನಿಂದ ತಲುಪುವುದು 12 ಮಿಲಿಗ್ರಾಂ. ಅಂದರೆ ರೆಸಿನ್ ಮೇಲಿನ ಹೊರೆ ಆರೂವರೆ ಪಟ್ಟಿಗೂ ಮಿಗಿಲು. ನದಿ ನೀರಿಗೆ ಒಂದು ವರ್ಷ ಬಾಳುವ ರೆಸಿನ್ ಈ ನೀರಿಗೆ ಎರಡು ತಿಂಗಳೂ ಬಾಳದು. ಫೆಬ್ರವರಿಯಲ್ಲಿ ಹೊಸ ರೆಸಿನ್ ಹಾಕಿಸಿಕೊಂಡು, ಮುಂದಿನ ಭೇಟಿ ಆಗಸ್ಟಿನಲ್ಲಿ ಎಂಬ ಚೀಟಿಯನ್ನು ನಂಬಿ ಕುಳಿತ ಗ್ರಾಹಕನ ತೊಟ್ಟಿಯಲ್ಲಿ ಮೇ ತಿಂಗಳಲ್ಲಿ ಪಾಚಿ ಏಕೆ ಹಬ್ಬಿತು ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಮೂರನೆಯದು ಬಾವಿಯ ನೀರು. ಮುರಕಲ್ಲಿನ ನೆಲದ ಬಾವಿಗಳ ನೀರಿನಲ್ಲಿ ಲವಣ ಕಡಿಮೆಯಿದ್ದರೂ ಅದು ಸಾಮಾನ್ಯವಾಗಿ ಆಮ್ಲೀಯ. ಕರಗಿದ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಹೆಚ್ಚು. ಈ ಅನಿಲವನ್ನು ಮೆಂಬ್ರೇನ್ ತಡೆಯಲಾರದು. ಟಿ.ಡಿ.ಎಸ್. ಮೀಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲವೆನ್ನಬಹುದು. ಆದರೆ ರೆಸಿನ್ ಮಾತ್ರ ಅದನ್ನು ಹಿಡಿಯಲು ಹೋಗಿ ಬೇಗನೆ ಬರಿದಾಗುತ್ತದೆ. ಮೀಟರಿನಲ್ಲಿ ಒಳ್ಳೆಯ ಅಂಕಿ, ರೆಸಿನ್‌ಗೆ ಮಾತ್ರ ಅಲ್ಪಾಯುಷ್ಯ ಎಂಬ ಒಗಟನ್ನು ಎದುರಿಸುವ ತಂತ್ರಜ್ಞರು ಅನೇಕ ವೇಳೆ ರೆಸಿನ್ ಕಳಪೆ ಎಂದು ತೀರ್ಮಾನಿಸುತ್ತಾರೆ. ಆರ್.ಓ. ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇರಿಸಿ, ಗಾಳಿಯ ಗುಳ್ಳೆ ಹಾಯಿಸಿ, ಆಮೇಲೆ ರೆಸಿನ್ ಮೂಲಕ ಬಿಟ್ಟರೆ ಈ ಖರ್ಚಿನ ಬಹುಪಾಲು ಉಳಿಯುತ್ತದೆ. ಇದನ್ನು ಹೇಳಿಕೊಡುವ ವ್ಯಾಪಾರಿ ಎರಡು ರೆಸಿನ್ ಪೊಟ್ಟಣಗಳ ಮಾರಾಟವನ್ನು ಕಳೆದುಕೊಂಡಾನು, ಆದರೆ ಒಬ್ಬ ಗ್ರಾಹಕನನ್ನು ಬಹುಕಾಲ ಉಳಿಸಿಕೊಳ್ಳುತ್ತಾನೆ.

ಕರಾರು ಹೇಗಿರಬೇಕು

ಮಂಗಳೂರಿನ ನೀರಿಗೆ ಹೊಂದುವ ನಿರ್ವಹಣಾ ಕರಾರಿನಲ್ಲಿ ಭೇಟಿಗಳನ್ನು ತ್ರೈಮಾಸಿಕದಂತೆ ಸಮನಾಗಿ ಹಂಚದೆ ಋತುವಿಗೆ ತಕ್ಕಂತೆ ಇರಿಸಬೇಕು. ಮಾರ್ಚ್ ಆರಂಭದಲ್ಲಿ, ಟ್ಯಾಂಕರ್ ನೀರಿನ ದಿನಗಳಿಗೆ ಮೊದಲು ಮೆಂಬ್ರೇನ್ ಮತ್ತು ರೆಸಿನ್‌ಗಳ ಪರೀಕ್ಷೆ. ಪತ್ತನಾಜೆಯ ಆಸುಪಾಸಿನಲ್ಲಿ, ಮಳೆಗೆ ಮೊದಲು, ಬೇಸಗೆಯಲ್ಲಿ ಖರ್ಚಾದ ರೆಸಿನ್‌ನ ವಿಚಾರಣೆ ಮತ್ತು ಹೊಸ ಇದ್ದಿಲು. ಆಟಿಯ ದಿನಗಳಲ್ಲಿ ಸೆಡಿಮೆಂಟ್ ಫಿಲ್ಟರಿನ ತಪಾಸಣೆ. ನವರಾತ್ರಿಯ ಹೊತ್ತಿಗೆ ಇಡೀ ಯಂತ್ರದ ಶುಚಿ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ, ನದಿಯ ನೀರು ತಿಳಿಯಾಗಿಯೂ ಮೃದುವಾಗಿಯೂ ಇರುವ ಕಾಲದಲ್ಲಿ, ಯಂತ್ರವನ್ನು ತನ್ನ ಪಾಡಿಗೆ ಬಿಟ್ಟರೂ ಬಾಧಕವಿಲ್ಲ.

ಪ್ರತಿ ಭೇಟಿಯಲ್ಲಿಯೂ ಐದು ಅಂಕಿಗಳನ್ನು ಯಂತ್ರದ ಪಕ್ಕದಲ್ಲೇ ತೂಗುಹಾಕಿದ ಕಾರ್ಡಿನಲ್ಲಿ ಬರೆಯಬೇಕು: ಒಳಬರುವ ನೀರಿನ ಮೂಲ ಮತ್ತು ಟಿ.ಡಿ.ಎಸ್.; ಮೆಂಬ್ರೇನಿನ ನಂತರದ ಟಿ.ಡಿ.ಎಸ್.; ರೆಸಿನ್ ನಂತರದ ಟಿ.ಡಿ.ಎಸ್.; ಸೆಡಿಮೆಂಟ್ ಫಿಲ್ಟರಿನ ಹಿಂದೆ ಮತ್ತು ಮುಂದೆ ಇರುವ ಒತ್ತಡ; ಇದ್ದಿಲಿನ ನಂತರವೂ ಕ್ಲೋರಿನ್ ಉಳಿದಿದೆಯೇ ಎಂಬುದು. ಒಳಗೆ 100, ಹೊರಗೆ 3 ಇದ್ದರೆ ಮೆಂಬ್ರೇನ್ ಆರೋಗ್ಯವಾಗಿದೆ. ಹೊರಗೆ 10 ಆದರೆ ಮೊದಲು ಒತ್ತಡವನ್ನು ನೋಡಬೇಕು, ಅದು ಸರಿಯಿದ್ದರೆ ಮೆಂಬ್ರೇನ್ ಬದಲಿಸಬೇಕು. ರೆಸಿನ್ ನಂತರದ ಅಂಕಿ ಸೊನ್ನೆಯಿಂದ ಮೇಲೆದ್ದ ದಿನವೇ ಅದರ ಕೊನೆಯ ದಿನ. ಯಂತ್ರ ಆರಂಭವಾದ ಮೊದಲ ಕೆಲವು ನಿಮಿಷಗಳ ನೀರಿನಲ್ಲಿ ಟಿ.ಡಿ.ಎಸ್. ಸಹಜವಾಗಿಯೇ ಹೆಚ್ಚಿರುವುದರಿಂದ ಆ ನೀರನ್ನು ಹೊರಕ್ಕೆ ಬಿಟ್ಟು ಅನಂತರ ಅಳೆಯಬೇಕು. ಹೊಸ ಇದ್ದಿಲಿನ ಕರಿಪುಡಿ ಮೆಂಬ್ರೇನ್ ಸೇರದಂತೆ ಮೊದಲು ತೊಳೆದು ಹೊರಬಿಡಬೇಕು. ಒಮ್ಮೆ ನೆನೆದ ಮೆಂಬ್ರೇನನ್ನು ಒಣಗಲು ಬಿಡಬಾರದು. ಇವು ದೊಡ್ಡ ವಿದ್ಯೆಯಲ್ಲ, ಆದರೆ ಇವುಗಳನ್ನು ತಪ್ಪದೆ ಮಾಡುವುದರಲ್ಲಿಯೇ ಕಸುಬಿನ ಗೌರವ ಇರುವುದು.

ಇದಕ್ಕೆ ವ್ಯಾಪಾರಿಗಳಿಂದ ಆಕ್ಷೇಪಗಳು ಬರುವುದು ಸಹಜ. ಏನನ್ನೂ ಬದಲಿಸದೆ ಬರಿದೇ ಅಳತೆ ಬರೆದು ಬಂದರೆ ಗ್ರಾಹಕ ಹಣ ಕೊಡುತ್ತಾನೆಯೇ ಎಂಬುದು ಮೊದಲನೆಯದು. ರಕ್ತದ ಒತ್ತಡ ನೋಡಿ, ಔಷಧ ಬೇಡ ಎಂದ ವೈದ್ಯರಿಗೂ ಜನ ಶುಲ್ಕ ಕೊಡುತ್ತಾರೆ. ಏಕೆಂದರೆ ಅಲ್ಲಿ ಕೊಂಡದ್ದು ಮಾತ್ರೆಯನ್ನಲ್ಲ, ತೀರ್ಮಾನವನ್ನು. ಭೇಟಿಯ ಶುಲ್ಕವನ್ನೂ ಬಿಡಿಭಾಗದ ಬೆಲೆಯನ್ನೂ ಬೇರ್ಪಡಿಸಿ ಬಿಲ್ ಮಾಡಿದರೆ ಈ ಗೊಂದಲ ನೀಗುತ್ತದೆ. ತಂತ್ರಜ್ಞನ ಸಂಬಳ ಅವನು ಬದಲಿಸಿದ ಕಾರ್ಟ್ರಿಜ್‌ಗಳ ಸಂಖ್ಯೆಯನ್ನು ಅವಲಂಬಿಸಿರುವಷ್ಟು ಕಾಲ ಯಾವ ಅಳತೆಯೂ ಪ್ರಾಮಾಣಿಕವಾಗಲಾರದು ಎಂಬುದನ್ನು ಮಾಲೀಕರು ಒಪ್ಪಿಕೊಳ್ಳಬೇಕು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಳತೆಯನ್ನೇ ನಂಬಿ ಕುಳಿತರೆ, ಅಳತೆಗೆ ಸಿಗದ ದೋಷಗಳ ಗತಿಯೇನು? ಹಳೆಯ ಇದ್ದಿಲಿನಲ್ಲಿಯೂ ಸೆಡಿಮೆಂಟ್ ಫಿಲ್ಟರಿನಲ್ಲಿಯೂ ಬ್ಯಾಕ್ಟೀರಿಯಾ ಬೆಳೆಯುತ್ತದೆ, ರಬ್ಬರ್ ಬಳೆಗಳು ಸಡಿಲವಾಗುತ್ತವೆ ಎಂಬುದು ನಿಜ. ಆದುದರಿಂದ ಕ್ಯಾಲೆಂಡರನ್ನು ಪೂರ್ತಿಯಾಗಿ ಎಸೆಯಬೇಕಿಲ್ಲ. ಈ ಎರಡು ಭಾಗಗಳಿಗೆ ಒಂದು ವರ್ಷದ ಹೊರಮಿತಿ ಇರಲಿ. ಆ ಮಿತಿಯೊಳಗೆ ಯಾವಾಗ ಎಂಬುದನ್ನು ಅಳತೆ ಹೇಳಲಿ.

ಹೊರಗೆ ಹೋಗುವ ನೀರು

ಈ ಯಂತ್ರಗಳ ಮೇಲಿನ ನ್ಯಾಯವಾದ ದೂರು ಅವು ಹೊರಚೆಲ್ಲುವ ನೀರಿನದು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಹೋಗುವುದು ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯ. ಆವಿಯಾದುದನ್ನು ತುಂಬಲು ವಾರಕ್ಕೆ 21 ಲೀಟರ್, ನೀರು ಬದಲಿಸಲು 30 ಲೀಟರ್ ಬೇಕಾದ ತೊಟ್ಟಿಯೊಂದು ವಾರಕ್ಕೆ ಸುಮಾರು 150 ಲೀಟರ್ ನೀರನ್ನು ಚರಂಡಿಗೆ ಕಳುಹಿಸುತ್ತದೆ. ನಲ್ಲಿ ನೀರು ಸರದಿಯಂತೆ ಬರುವ ವಾರದಲ್ಲಿ ಇದನ್ನು ನೆರೆಮನೆಯವರು ಕಂಡು ಸುಮ್ಮನಿರಬೇಕೆಂದು ನಿರೀಕ್ಷಿಸಲಾಗದು.

ಆದರೆ ಹೊರಹೋಗುವ ಈ ನೀರು ಕೊಳಕಲ್ಲ. 60 ಟಿ.ಡಿ.ಎಸ್. ಇರುವ ನದಿ ನೀರನ್ನು ಈ ಪ್ರಮಾಣದಲ್ಲಿ ಬೇರ್ಪಡಿಸಿದಾಗ ಹೊರಬೀಳುವ ನೀರಿನ ಟಿ.ಡಿ.ಎಸ್. 80ರ ಆಸುಪಾಸು. ಬಟ್ಟೆ ಒಗೆಯಲು, ನೆಲ ಒರೆಸಲು, ಗಿಡಗಳಿಗೆ ಹಾಕಲು ಇದಕ್ಕಿಂತ ಒಳ್ಳೆಯ ನೀರು ಬೇಕಿಲ್ಲ. ಯಂತ್ರ ಕೂರಿಸುವ ದಿನವೇ ಹೊರಹೋಗುವ ಕೊಳವೆಯನ್ನು ಒಂದು ಡ್ರಮ್ಮಿಗೆ ತಿರುಗಿಸಿಕೊಡುವುದು ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ಬರುವುದು ಅರ್ಧ ಕೆಲಸ ಮಾಡಿ ಬಂದಂತೆ.

ಇದೇ ಲೆಕ್ಕ ಅಡುಗೆಮನೆಯ ಯಂತ್ರದ ಬಗ್ಗೆ ಒಂದು ಕಹಿ ಸತ್ಯವನ್ನೂ ಹೇಳುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿ.ಡಿ.ಎಸ್. ಸ್ವೀಕಾರಾರ್ಹ. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಟಿ.ಡಿ.ಎಸ್. ಈ ಮಿತಿಗಿಂತ ಕಡಿಮೆ ಇರುವಲ್ಲಿ ಆರ್.ಓ. ಬಳಕೆಯನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ನಿರ್ದೇಶನ ನೀಡಿತ್ತು. ತುಂಬೆಯ ನೀರು ಈ ಮಿತಿಗಿಂತ ಎಷ್ಟೋ ಕೆಳಗಿದೆ. ನದಿ ನೀರು ಬರುವ ಮನೆಗೆ ಕುಡಿಯಲು ಸಾಮಾನ್ಯ ಫಿಲ್ಟರ್ ಮತ್ತು ಕುದಿಸುವಿಕೆ ಸಾಕು; ರೀಫ್ ಟ್ಯಾಂಕಿಗೆ ಮಾತ್ರ ಆರ್.ಓ. ಬೇಕು ಎಂದು ಗ್ರಾಹಕನಿಗೆ ನೇರವಾಗಿ ಹೇಳಬಲ್ಲ ವ್ಯಾಪಾರಿಯ ಮಾತಿಗೆ ಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಕಾನೂನು ಮತ್ತು ತರಬೇತಿ

ಕಡಲ ಅಕ್ವೇರಿಯಂನ ವ್ಯಾಪಾರದಲ್ಲಿ ಶುದ್ಧವಾಗಿರಬೇಕಾದುದು ನೀರು ಮಾತ್ರವಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆ, ಕಡಲಕುದುರೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ರಕ್ಷಣೆ ಪಡೆದಿವೆ. ಮುರ್ಡೇಶ್ವರದ ಬಳಿಯ ನೇತ್ರಾಣಿಯಂತಹ ದ್ವೀಪಗಳ ಸುತ್ತಲಿನ ಹವಳವನ್ನು ಕಿತ್ತು ತಂದು ಯಾವ ಶುದ್ಧ ನೀರಿನಲ್ಲಿ ಇಟ್ಟರೂ ಅದು ಅಪರಾಧವೇ. ಮರಿಕೇಂದ್ರಗಳಲ್ಲಿ ಬೆಳೆದ ಕ್ಲೌನ್ ಮೀನಿನಂತಹ ಜಾತಿಗಳು ಮತ್ತು ಕೃತಕ ಬಂಡೆಗಳಿಂದಲೇ ಸೊಗಸಾದ ತೊಟ್ಟಿಯನ್ನು ಕಟ್ಟಬಹುದು. ಕ್ಲೌನ್ ಮೀನಿನ ಸಂತಾನೋತ್ಪತ್ತಿಯ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಬಹಳ ಹಿಂದೆಯೇ ಸಿದ್ಧಪಡಿಸಿದೆ. ಆ ಸಂಸ್ಥೆಯ ಕೇಂದ್ರವೊಂದು ಮಂಗಳೂರಿನಲ್ಲಿಯೇ ಇದೆ. 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯವೂ ಈ ನಗರದ್ದೇ. ನೀರಿನ ಗುಣ ಪರೀಕ್ಷೆಯನ್ನು ಬಲ್ಲ ಅಧ್ಯಾಪಕರು ಒಂದು ಕಡೆ, ಅದನ್ನು ಕಲಿಯಬೇಕಾದ ತಂತ್ರಜ್ಞರು ಇನ್ನೊಂದು ಕಡೆ ಇರುವಾಗ, ಎರಡನ್ನೂ ಒಂದು ಕೊಠಡಿಯಲ್ಲಿ ಸೇರಿಸುವುದು ವಾಣಿಜ್ಯ ಮಂಡಳಿಯಂತಹ ಸಂಸ್ಥೆಗೆ ಕಷ್ಟದ ಕೆಲಸವಲ್ಲ. ಎರಡು ದಿನಗಳ ತರಬೇತಿ, ಎಲ್ಲ ಅಂಗಡಿಗಳೂ ಬಳಸಬಹುದಾದ ಸಮಾನ ಅಳತೆಯ ಕಾರ್ಡು, ಬಳಸಿದ ಕಾರ್ಟ್ರಿಜ್‌ಗಳನ್ನು ಕಸದ ರಾಶಿಗೆ ಎಸೆಯದೆ ಹಿಂಪಡೆಯುವ ಏರ್ಪಾಡು, ಈ ಮೂರರಿಂದ ಆರಂಭಿಸಬಹುದು.

ಅಳತೆಯ ಶಿಸ್ತು ಈ ಊರಿಗೆ ಹೊಸತೇನಲ್ಲ. ಬೇಸಗೆಯ ನೀರಿನ ಕೊರತೆಯಿಂದ ಘಟಕಗಳನ್ನೇ ನಿಲ್ಲಿಸಬೇಕಾಗಿ ಬಂದ ಅನುಭವದ ನಂತರ ಎಂ.ಆರ್.ಪಿ.ಎಲ್. ಸಂಸ್ಥೆಯು ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸಮುದ್ರಜಲ ಶುದ್ಧೀಕರಣ ಘಟಕವನ್ನು ಸ್ಥಾಪಿಸಿತು. ಅಲ್ಲಿಯೂ ಕೆಲಸ ಮಾಡುವುದು ಆರ್.ಓ. ಮೆಂಬ್ರೇನೇ, ಒತ್ತಡವೂ ಗಾತ್ರವೂ ಮಾತ್ರ ಬೇರೆ. ಅಂತಹ ಘಟಕಗಳಲ್ಲಿ ಒತ್ತಡವನ್ನೂ ಲವಣಾಂಶವನ್ನೂ ಸದಾ ಅಳೆಯುತ್ತಿರುತ್ತಾರೆ. ಮೆಂಬ್ರೇನಿನ ಯೋಗ್ಯತೆಯನ್ನು ಆ ಅಂಕಿಗಳಿಂದಲೇ ತಿಳಿಯುತ್ತಾರೆ. ಕೋಟಿಗಟ್ಟಲೆ ಲೀಟರಿಗೆ ಸಲ್ಲುವ ಈ ನಿಯಮ ಮೂರು ಲೀಟರಿಗೂ ಸಲ್ಲುತ್ತದೆ.

ಪಾಚಿ ಹಬ್ಬಿ ಮೀನು ಸತ್ತ ತೊಟ್ಟಿಯನ್ನು ಬರಿದುಮಾಡಿ ಮಹಡಿಗೆ ಸಾಗಿಸುವ ಗ್ರಾಹಕ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದು ಅಪರೂಪ. ಅವನೊಡನೆ ಉಪ್ಪು, ದೀಪ, ಪಂಪು, ಆಹಾರ, ಹೊಸ ಮೀನು ಎಲ್ಲದರ ವ್ಯಾಪಾರವೂ ಹೊರಟುಹೋಗುತ್ತದೆ. ಕೆಲವು ನೂರು ರೂಪಾಯಿಗೆ ದೊರೆಯುವ ಟಿ.ಡಿ.ಎಸ್. ಮೀಟರೂ ಒಂದು ರಟ್ಟಿನ ಕಾರ್ಡೂ ಇದನ್ನು ತಪ್ಪಿಸಬಲ್ಲವು. ಬರುವ ಮಾರ್ಚ್ ತಿಂಗಳಿಗೆ ಮೊದಲು ತಮ್ಮ ಕರಾರಿನ ಪತ್ರಗಳನ್ನು ಒಮ್ಮೆ ತೆರೆದು, ಅವುಗಳಲ್ಲಿರುವ ದಿನಾಂಕಗಳ ಪಕ್ಕದಲ್ಲಿ ಮಂಗಳೂರಿನ ನೀರನ್ನು ಇಟ್ಟು ನೋಡುವ ವ್ಯಾಪಾರಿಗಳಿಗೆ ಉಳಿದುದನ್ನು ನೀರೇ ತಿಳಿಸಿಕೊಡುತ್ತದೆ.